ಮುನಿಯದ ತೋಟ

ಶಾಲೆಗೆ ಹೊಸದಾಗಿ ಬಂದ ಕೈಗವಸು ಬಹಳ ಬೀಗುತ್ತಿತ್ತು. ಅದನ್ನು ತೊಟ್ಟ ಮಕ್ಕಳು ಕಂಪ್ಯೂಟರಿನ ತೋಟದಲ್ಲಿ ಯಾವ ಎಲೆಯನ್ನು ಮುಟ್ಟಿದರೂ ಅದರ ನುಣುಪೂ ತಂಪೂ ಬೆರಳಿಗೆ ತಿಳಿಯುತ್ತಿತ್ತು. ಇನ್ನು ಅಂಗಳದ ಮುಟ್ಟಿದರೆ ಮುನಿ ಗಿಡವೇಕೆಂದು, ಅದನ್ನು ಕೀಳಲು ಮಾಲಿಗೆ ಅಪ್ಪಣೆಯಾಯಿತು.

"ಮುಟ್ಟಿದ್ದಕ್ಕೆಲ್ಲ ಮುನಿಸಿಕೊಂಡರೆ ಯಾರಮ್ಮ ಇಟ್ಟುಕೊಳ್ಳುತ್ತಾರೆ?" ಎಂದು ಕೈಗವಸು ಕಿಟಕಿಯಿಂದಲೇ ಕೆಣಕಿತು. "ನನ್ನ ಗಿಡಗಳು ಹಿಂಡಿದರೂ ಮುನಿಯುವುದಿಲ್ಲ."

"ಹಾಗಾದರೆ ಹಿಂಡಬಾರದೆಂದು ಮಕ್ಕಳಿಗೆ ಹೇಳುವವರು ಯಾರು?" ಎಂದಿತು ಗಿಡ.

ಪಾಠ ಮುಗಿಸಿದ ಬೆನಿಟಾ ಎಂಬ ಹುಡುಗಿ ಕೈಗವಸು ತೊಟ್ಟೇ ಅಂಗಳಕ್ಕೆ ಬಂದು, ಕಂಪ್ಯೂಟರಿನ ತೋಟದ ಅಭ್ಯಾಸದಂತೆ ಗಿಡವನ್ನು ಹಿಂಡಿದಳು. ಎಲೆಗಳೆಲ್ಲ ಮುಚ್ಚಿ ಜೋತುಬಿದ್ದವು. ಹುಡುಗಿ ಬೆಚ್ಚಿ, ಕೈಗವಸನ್ನು ಕಳಚಿ ಎಸೆದು, ಮಂಡಿಯೂರಿ, "ನೋವಾಯಿತೇನೇ?" ಎಂದಳು. ಕೀಳಲು ಬಂದಿದ್ದ ಮಾಲಿ ಗುದ್ದಲಿಯನ್ನು ಕೆಳಗಿಟ್ಟ.

ತನ್ನ ತೋಟದಲ್ಲಿ ಯಾವ ಮಗುವೂ ಎಂದೂ ಯಾವ ಗಿಡವನ್ನೂ ಹಾಗೆ ಕೇಳಿರಲಿಲ್ಲವೆಂಬುದು ಮಣ್ಣಿನಲ್ಲಿ ಬಿದ್ದಿದ್ದ ಕೈಗವಸಿಗೆ ಆಗ ಹೊಳೆಯಿತು.