ಕೇತಮ್ಮ ಮುಚ್ಚದೆ ಬಿಟ್ಟ ಗುಂಡಿ

ಲೋಕಕ್ಕೆ ಇನ್ನೂ ಹಾಲುಹಲ್ಲು ಇದ್ದ ಕಾಲ ಅದು. ಬೆಟ್ಟವಿತ್ತು, ಕಾಡಿತ್ತು, ಗಾಳಿಯಿತ್ತು. ಹೊಳೆ ಮಾತ್ರ ಇರಲಿಲ್ಲ. ಜನ, ಜಿಂಕೆ, ಇರುವೆ ಎಲ್ಲರೂ ಬೆಳಗಾಗೆದ್ದು ಎಲೆಯ ಮೇಲಿನ ಇಬ್ಬನಿ ನೆಕ್ಕಿ ಬದುಕುತ್ತಿದ್ದರು.

ಆ ಕಾಡಿನಲ್ಲಿ ಕೇತಮ್ಮ ಎಂಬ ಅಜ್ಜಿ ಇದ್ದಳು. ಕಾಡುಗೆಣಸು ಅಗೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವಳ ಕುಲದಲ್ಲಿ ಒಂದು ಕಟ್ಟಳೆ: ಗೆಣಸು ತೆಗೆದ ಮೇಲೆ ಅದರ ತಲೆ ಮುರಿದು ಗುಂಡಿಗೇ ಹಾಕಿ ಮಣ್ಣು ಮುಚ್ಚಬೇಕು, ಮತ್ತೆ ಬಳ್ಳಿ ಚಿಗುರಲಿ ಅಂತ. ಕೇತಮ್ಮನಿಗೆ ಅದೆಷ್ಟು ರೂಢಿಯಾಗಿತ್ತೆಂದರೆ, ಅವಳು ಹಾಡು ಹೇಳುತ್ತಿದ್ದರೂ ಕೈ ತಾನಾಗಿ ಮುಚ್ಚುತ್ತಿತ್ತು.

ಆ ವರ್ಷ ಇಬ್ಬನಿಯೂ ಬೀಳಲಿಲ್ಲ. ಕಣಿವೆಯಲ್ಲಿ ಅವಳ ಮಗಳು ಹೆತ್ತು ಮೂರು ದಿನವಾಗಿತ್ತು. ಬಾಣಂತಿಯ ಬಾಯಿ ಒಣಗಿ ಎದೆಯಲ್ಲಿ ಹಾಲೇ ಇಳಿದಿರಲಿಲ್ಲ. ಅತ್ತೂ ಅತ್ತೂ ಕೂಸಿನ ದನಿ ಸಣ್ಣದಾಗಿತ್ತು. 

ಅಷ್ಟರಲ್ಲಿ ಗಾಳಿ ಏದುಸಿರು ಬಿಡುತ್ತಾ ಬಂತು.

"ಕೇತವ್ವಾ, ಓಡ್ ಬಾ! ಬೆಟ್ಟದ ನೆತ್ತೀಲಿ ಹೊಳೆ ಹುಟ್ಟ್ಯದೆ!"

"ಹೊಳೆಯಾ? ಎತ್ತಗೆ ಹರೀತದೆ?"

"ಇನ್ನೂ ಗೊತ್ತಿಲ್ಲ. ಹುಟ್ಟಿದ ದಿನ ಹಿಡಿದ ದಾರೀನೇ ಹೊಳೆಗೆ ಕೊನೇತನಕ. ಹೊತ್ತು ಮುಳುಗೋದ್ರೊಳಗೆ ಕಣಿವೆ ಮುಟ್ಟದಿದ್ರೆ, ಪಡುವಲಿಗೆ ತಿರುಗಿ ಸಮುದ್ರಕ್ಕೆ ಧುಮುಕಿಬುಡ್ತದೆ!"

ಕೇತಮ್ಮ ಅಗೆಯುವ ಕೋಲು ಹಿಡಿದು ಎದ್ದೆನೋ ಬಿದ್ದೆನೋ ಎಂದು ಬೆಟ್ಟ ಹತ್ತಿದಳು. ಬೆರಳು ಗಾತ್ರದ ಹೊಳೆ ನೆತ್ತಿಯ ಮೇಲೆ ಕುಣಿಯುತ್ತಿತ್ತು. "ಅಜ್ಜಿ, ದಾರಿ ಯಾವ್ದು? ದಾರಿ ಯಾವ್ದು?" ಅಂತ ಒಂದೇ ಸಮ ಕೇಳುತ್ತಿತ್ತು.

"ನನ್ ಹಿಂದ್ಗಡೆ ಬಾ ಮಗ, ಮೂಡಲಿಗೆ! ನಾ ಅಗೀತಾ ಹೋಯ್ತೀನಿ, ನೀ ಗುಂಡಿಗೆ ಇಳೀತಾ ಬಾ!"

ಒಂದು ಗುಂಡಿ ಅಗೆದಳು. ಹೊಳೆ ದುಡುಂ ಅಂತ ಇಳಿಯಿತು. ಇನ್ನೊಂದು ಅಗೆದಳು. ದುಡುಂ! ಅಬ್ಬಬ್ಬಾ, ಏನು ಗಮ್ಮತ್ತು! ಮೂರನೆಯದರಲ್ಲಿ ಗೆಣಸು ಸಿಕ್ಕಿತು ನೋಡು. ಕೈ ಸುಮ್ಮನಿದ್ದೀತೇ? ತಲೆ ಮುರಿಯಿತು, ಗುಂಡಿಗೆ ಹಾಕಿತು, ಮಣ್ಣು ಮುಚ್ಚಿ ತಟ್ಟಿಯೂ ಬಿಟ್ಟಿತು.

"ಅಜ್ಜಿ, ದಾರಿ ಮುಚ್ಚಿಬುಟ್ಯಲ್ಲಾ!" ಹೊಳೆ ಆ ದಿಬ್ಬಕ್ಕೆ ಹಣೆ ಗುದ್ದಿಕೊಂಡು, ಪಕ್ಕಕ್ಕೆ ಸುತ್ತಿ ಬಂತು.

"ಅಯ್ಯೋ, ನನ್ ಕೈಗಿಷ್ಟು ಬೆಂಕಿ ಬೀಳ!"

ಬೈದುಕೊಂಡರೇನು, ಹಳೆಯ ಚಾಳಿ ಅಷ್ಟು ಸುಲಭಕ್ಕೆ ಬಿಟ್ಟೀತೇ? ಬರಿಗುಂಡಿಯಾದರೆ ಹಾಗೇ ಬಿಟ್ಟಳು, ಹೊಳೆ ದುಡುಂ. ಗೆಣಸು ಸಿಕ್ಕರೆ ಮುಚ್ಚಿದಳು, ಹೊಳೆ ಸುತ್ತಿ ಬಂತು. ಹೀಗೇ ದುಡುಂ, ಸುತ್ತು, ದುಡುಂ, ಸುತ್ತು. ಗಾಳಿ ಮಾತ್ರ ಹಿಂದಿನಿಂದ "ಬೇಗ! ಬೇಗ!" ಎಂದು ಸೆರಗು ಎಳೆಯುತ್ತಿತ್ತು.

ಸೂರ್ಯ ಪಡುವಣ ಬೆಟ್ಟಕ್ಕೆ ಗಲ್ಲ ತಾಗಿಸಿದ. ಇನ್ನು ಉಳಿದದ್ದು ಒಂದೇ ಒಂದು ದಿಬ್ಬ. ಅದರಾಚೆ ಕಣಿವೆ. ಕೇತಮ್ಮ ಕಿವಿಗೊಟ್ಟಳು. ಕೂಸಿನ ಅಳುವೇ ಕೇಳಲಿಲ್ಲ.

 ಉಸಿರು ಬಿಗಿಹಿಡಿದು ಅಗೆದಳು. ಸಿಕ್ಕಿತು, ಆಳುದ್ದದ ಗೆಣಸು! ಎರಡೂ ಕಾಲು ಊರಿ ಎಳೆದಳು. ದಿಬ್ಬ ಬಾಯಿ ತೆರೆಯಿತು. ಅಷ್ಟರಲ್ಲೇ ಕೈ ಮಣ್ಣಿನ ಕಡೆಗೆ ಹೊರಟಿತ್ತು.

"ಏ ಕೈ, ಸುಮ್ಕಿರು!" ಎಂದು ಗದರಿದ ಕೇತಮ್ಮ ತನ್ನ ಎರಡೂ ಕೈಗಳ ಮೇಲೆ ತಾನೇ ಕೂತುಬಿಟ್ಟಳು. "ನುಗ್ಗು ಮಗ, ನುಗ್ಗು!"

ಹೊಳೆ ನುಗ್ಗಿತು! ಎಲ್ಲಕ್ಕಿಂತ ದೊಡ್ಡ ದುಡುಂ! ತಣ್ಣನೆಯ ಹನಿ ಕೆನ್ನೆಗೆ ಸಿಡಿದು ಕೂಸು ಕಿಟಾರನೆ ಕಿರುಚಿತು. ಮಗಳು ಬೊಗಸೆ ಬೊಗಸೆ ಕುಡಿದಳು. ಆ ಸಂಜೆಯೇ ಹಾಲಿಳಿಯಿತು. ಕೇತಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು.

ಆದರೆ ಕಟ್ಟಳೆ ಕಟ್ಟಳೆಯೇ ಅಲ್ಲವೇ? ಆ ಗೆಣಸಿನ ತಲೆಯನ್ನು ಅವಳು ಗುಂಡಿಯ ದಂಡೆಯಲ್ಲಿ ನೆಟ್ಟು ಮಣ್ಣು ತಟ್ಟಿದಳು.

ಅದಕ್ಕೇ ಮಗು, ನಮ್ಮ ಪುಟ್ಟ ಹೊಳೆ ಇಂದಿಗೂ ಗೆಣಸಿನ ದಿಬ್ಬ ಕಂಡಲ್ಲೆಲ್ಲ ಸುತ್ತಿ ಹೋಗುತ್ತದೆ, ಬರಿಗುಂಡಿ ಕಂಡಲ್ಲೆಲ್ಲ ಮಡುವಾಗಿ ನಿಲ್ಲುತ್ತದೆ. ಕೊನೆಯ ದೊಡ್ಡ ಮಡುವಿನ ದಂಡೆಯ ಬಳ್ಳಿಯಂತೂ ಮುಚ್ಚಲೋ ಬೇಡವೋ ಅಂತ ನೀರಿನ ಮೇಲೆ ಕೈ ಚಾಚಿಕೊಂಡೇ ಇದೆ.