ಯಾವ ಮನೇದಮ್ಮ ನೀನು?

ಹಳ್ಳಿಯಲ್ಲಿ ನೆಲೆಸುವುದೋ ಬೇಡವೋ ನೋಡಿಕೊಂಡು ಹೋಗೋಣವೆಂದು ಪಟ್ಟಣದ ಬೆಕ್ಕೊಂದು ಬೆಳಗಿನ ಬಸ್ಸಿನಲ್ಲಿ ಬಂದಿಳಿಯಿತು. ಹಾಲು ಗಟ್ಟಿಯಾಗಿತ್ತು, ಇಲಿಗಳು ದುಂಡಗಿದ್ದವು, ಬಿಸಿಲು ಕಾಯಿಸಲು ಮನೆಗೊಂದು ಜಗಲಿಯಿತ್ತು. ಆದರೆ ಕಂಡಕಂಡವರದೆಲ್ಲ ಒಂದೇ ಪ್ರಶ್ನೆ. ಎಮ್ಮೆ ಕೇಳಿತು, ಮೇಕೆ ಕೇಳಿತು. ಹೇಂಟೆಯಂತೂ ಬೆನ್ನು ಹತ್ತಿ ಬಂದು ಕೇಳಿತು: "ಯಾವ ಮನೇದಮ್ಮ ನೀನು?"

"ಯಾವ ಮನೇದೂ ಅಲ್ಲ. ಪಟ್ಟಣದಲ್ಲಿ ಆರು ವರ್ಷ ಇದ್ದೆ, ಒಬ್ಬರೂ ಹೀಗೆ ಕೇಳಲಿಲ್ಲ," ಎಂದಿತು ಬೆಕ್ಕು, ಬಿಗುಮಾನದಿಂದ.

"ಅಯ್ಯೋ ಪಾಪ!" ಎಂದಿತು ಹೇಂಟೆ.

ಆ ಕನಿಕರ ಬೆಕ್ಕಿಗೆ ಸಹಿಸಲಾಗಲಿಲ್ಲ. ಸಂಜೆಯ ಬಸ್ಸಿಗೇ ವಾಪಸು ಎಂದು ತೀರ್ಮಾನಿಸಿ, ಹೊರಡುವ ಮುನ್ನ ಒಂದೇ ಒಂದು ಇಲಿಯ ಆಸೆಗೆ ಹೇಂಟೆಯ ಮನೆಯೊಡತಿ ಸಣ್ಣತಾಯಮ್ಮನ ರಾಗಿ ಕಣಜಕ್ಕೆ ಹಾರಿತು. ಇಲಿ ಬಿರುಕಿನಲ್ಲಿ ನುಸುಳಿಕೊಂಡಿತು. ಸಣ್ಣತಾಯಮ್ಮ ಒಳಗೆ ನೋಡದೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿ ಹೋದಳು. ರಾಗಿಯ ದೂಳಿಗೆ ಬೆಕ್ಕಿನ ಗಂಟಲು ಕಟ್ಟಿತು, ಉಸಿರೂ ಕಟ್ಟತೊಡಗಿತು. ದೂರದಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

ಅಷ್ಟರಲ್ಲಿ ಹೊರಗೆ ಹೇಂಟೆಯ ದನಿ: "ಆ ಯಾವ ಮನೇದೂ ಅಲ್ಲದವಳು ಬಸ್ಸು ಹತ್ತಲಿಲ್ಲ, ನಾನು ನೋಡ್ತಾನೇ ಇದ್ದೆ. ಕೊಟ್ಟಿಗೆ ದಾಟಿಲ್ಲ ಅಂತ ಎಮ್ಮೆ ಹೇಳ್ತು. ಇಲಿ ನಗ್ತಾ ಬಂದದ್ದು ಈ ಕಣಜದಿಂದ!"

ಹೇಂಟೆ ಮುಚ್ಚಳದ ಮೇಲೆ ಹತ್ತಿ, ಹತ್ತು ಮೊಟ್ಟೆ ಒಟ್ಟಿಗೇ ಇಟ್ಟವಳಂತೆ ರಂಪ ಎಬ್ಬಿಸಿತು. ಸಣ್ಣತಾಯಮ್ಮ ಗೊಣಗುತ್ತ ಬಂದು ಮುಚ್ಚಳ ತೆಗೆದಳು.

ಮರುದಿನ ಬೆಳಗಿನ ಬಸ್ಸಿನಿಂದ ನಾಯಿಯೊಂದು ಇಳಿಯಿತು. ಹೇಂಟೆ ಕೊಕ್ಕು ತೆರೆಯುವ ಮೊದಲೇ ಜಗಲಿಯ ಮೇಲಿಂದ ಬೆಕ್ಕು ಕೇಳಿತು: "ಯಾವ ಮನೇದಪ್ಪ ನೀನು?"