ಕೇಬಲ್ಲನ್ನು ಕೇಳಿದ ಗ್ರಾಫಿಕ್ಸ್ ಕಾರ್ಡ್

ಹಾಸಿಗೆ ಹಿಡಿದಿದ್ದ ತಂಗಿ ವಾರಿಜೆಗೆ ತೋರಿಸಲೆಂದು ಮೃದುಲಾ ಕೆರೆಯ ಮಿಂಚುಳ್ಳಿಯನ್ನು ವಿಡಿಯೊ ಮಾಡಿ ತಂದಿದ್ದಳು. ಆದರೆ ಅವಳ ಮಿನಿ ಪಿಸಿಯಲ್ಲಿ ಹಕ್ಕಿ ತಡೆತಡೆದು ಹಾರುತ್ತಿತ್ತು. ಹೊರಗಿನಿಂದ ಜೋಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಅವಳು ಪಿಸಿಯನ್ನು ಕೇಬಲ್ ಸಮೇತ ಅಂಗಡಿಗೆ ಒಯ್ದಳು.

“ನಾನು ಸೆಕೆಂಡಿಗೆ ಮುನ್ನೂರು ಚಿತ್ರ ಬಿಡಿಸಬಲ್ಲೆ,” ಎಂದಿತು ದೊಡ್ಡ ಕಾರ್ಡ್. ಪಿಸಿ ಮರುಳಾಯಿತು. ಮೃದುಲಾ ಆ ಕಾರ್ಡನ್ನು ಜೋಡಿಸಿ ನೋಡಿದಳು. ಚಿತ್ರಗಳು ಕೇಬಲ್ಲಿನಲ್ಲಿ ನುಗ್ಗಿ ಸಿಕ್ಕಿಕೊಂಡವು. ಹಕ್ಕಿ ನಡು ಆಕಾಶದಲ್ಲೇ ನಿಂತುಬಿಟ್ಟಿತು.

ಪಕ್ಕದ ಚಿಕ್ಕ ಕಾರ್ಡ್ ಕೇಬಲ್ಲಿನತ್ತ ತಿರುಗಿತು. “ಅಣ್ಣಾ, ನೀನು ಎಷ್ಟು ಹೊರಬಲ್ಲೆ?”

“ನೂರಿಪ್ಪತ್ತು. ಇದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.”

“ಹಾಗಾದರೆ ನೂರಿಪ್ಪತ್ತನ್ನೇ ಕಳಿಸುತ್ತೇನೆ.”

ಮೃದುಲಾ ಚಿಕ್ಕ ಕಾರ್ಡನ್ನು ಜೋಡಿಸಿದಳು. ಮಿಂಚುಳ್ಳಿ ರೆಕ್ಕೆ ಮಡಚಿ, ಕನಸಿನೊಳಗೆ ಇಳಿದಂತೆ ನೀರಿಗಿಳಿಯಿತು. ಅವಳು ಅದನ್ನೇ ಕೊಂಡು ಮನೆಗೆ ಬಂದಳು.

ಸಂಜೆ ಪರದೆಯ ನೀಲಿ ಬೆಳಕು ಕೋಣೆಯ ಗೋಡೆಗಳ ಮೇಲೆಲ್ಲ ಅಲೆಯಾಡುತ್ತಿತ್ತು. ಹಕ್ಕಿ ನೀರಿನಿಂದೆದ್ದು ಕೊಂಬೆಯ ಮೇಲೆ ಕುಳಿತು ಮೈ ಕೊಡವಿತು. “ಚೆನ್ನಾಗಿದೆಯಾ?” ಎಂದು ಮೃದುಲಾ ಕೇಳಿದಳು.

ವಾರಿಜೆ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಮಾತಾಡು ಅಕ್ಕಾ, ಹಾರಿಹೋದೀತು.”